ಷಡ್ಡಕನ ಟೆಂಟು, ನನ್ನ ಕೆರೆ

ಅರಿಷಡ್ವರ್ಗಗಳ ಸಾಲಿನಲ್ಲಿ ಮಾತ್ಸರ್ಯವನ್ನು ಕಟ್ಟಕಡೆಗೆ ಕೂರಿಸಿದ ಪುಣ್ಯಾತ್ಮರು ಯಾರೋ, ಅವರಿಗೆ ಷಡ್ಡಕರು ಇರಲಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಕಾಮಕ್ರೋಧಾದಿ ಮೊದಲ ಐವರು ಬಂದುಹೋಗುವ ನೆಂಟರು. ವಯಸ್ಸಾದಂತೆ ಅವರ ಭೇಟಿಯೂ ಅಪರೂಪವಾಗುತ್ತದೆ. ಮಾತ್ಸರ್ಯ ಹಾಗಲ್ಲ, ಮನೆಯವರಂತೆ ಬೆಳಗಿನ ಕಾಫಿಗೇ ಎದ್ದು ಕೂತಿರುತ್ತದೆ. ಪಾಪ, ಅದಕ್ಕೆ ದೂರದ್ದು ಕಾಣುವುದೂ ಇಲ್ಲ. ಯಾವನೋ ಕುಬೇರ ಹಡಗು ಕೊಂಡನೆಂದು ಪತ್ರಿಕೆಯಲ್ಲಿ ಓದಿದರೆ ನಾನು ನಿರ್ವಿಕಾರನಾಗಿ ಪುಟ ತಿರುಗಿಸುತ್ತೇನೆ. ಪ್ರಭಾಕರ ಹೊಸ ಮಿಕ್ಸಿ ಕೊಂಡರೆ ಮಾತ್ರ ನನಗೆ ಅನ್ನ ಸೇರುವುದಿಲ್ಲ.

ಪ್ರಭಾಕರ ನನ್ನ ಹೆಂಡತಿಯ ತಂಗಿಯ ಗಂಡ. ಕುಂದಾಪುರದ ಕಡೆಯವನು. ಕೆಜಿಎಫ್‌ನಲ್ಲಿ ನಾನು ದುಡಿಯುವ ಕಾರ್ಖಾನೆಗೇ ನನಗಿಂತ ಎಷ್ಟೋ ತಡವಾಗಿ ಸೇರಿ, ನನಗೆ ಸಿಗಬಹುದೆಂದು ನಾನು ನಂಬಿದ್ದ ಕುರ್ಚಿಯಲ್ಲಿ ನನಗಿಂತ ಮೊದಲು ಕೂತವನು. ಇಷ್ಟಾದರೂ ಅವನಲ್ಲಿ ಒಂದೇ ಒಂದು ದುರ್ಗುಣವಿದ್ದಿದ್ದರೆ ಕ್ಷಮಿಸಿಬಿಡುತ್ತಿದ್ದೆ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. "ಅಣ್ಣ" ಎನ್ನುತ್ತಾನೆ. ಅದನ್ನೂ ಮನಸ್ಸಿನಿಂದಲೇ ಎನ್ನುತ್ತಾನೆ. ಮನುಷ್ಯ ಇನ್ನೆಷ್ಟು ಹಿಂಸೆ ಕೊಡಬಹುದು?

ಈ ಸಲದ ಮಳೆಗಾಲದಲ್ಲಿ ಅವನಿಗೆ ನಮ್ಮನ್ನೆಲ್ಲ ಕಡಲಿಗೆ ಕರೆದುಕೊಂಡು ಹೋಗುವ ಉತ್ಸಾಹ ಬಂತು.

"ಅಣ್ಣ, ಮಳೆಗಾಲದ ಕಡಲು ನೋಡದಿದ್ರೆ ಕಡಲು ನೋಡಿದ ಹಾಗೇ ಅಲ್ಲ ಮಾರಾಯ್ರೆ. ಕುಮಟಾದಿಂದ ಆಚೆ ನೀರಿಗೆ ತಾಗಿಕೊಂಡೇ ಒಂದು ಕಾಡಿನ ಪಾರ್ಕ್ ಉಂಟು, ಟೆಂಟ್ ಹಾಕ್ಲಿಕ್ಕೆ ಬಿಡ್ತಾರೆ. ಎಲ್ಲರೂ ಹೋಗುವ."

ನಾನು ಸೊಂಟನೋವಿನ ನೆಪ ಹುಡುಕುತ್ತಿದ್ದಾಗ ನನ್ನ ಒಂಬತ್ತು ವರ್ಷದ ಮಗಳು ಮಾನಸ ಕುಣಿದಳು. "ಅಪ್ಪಾ, ನಾನು ಚಿಕ್ಕಪ್ಪನ ಟೆಂಟಲ್ಲೇ ಮಲಗೋದು! ಅದ್ರಲ್ಲಿ ಕಿಟಕಿ ಇದೆ ಗೊತ್ತಾ?"

"ನಮ್ಮ ಟೆಂಟಲ್ಲೂ ಇರುತ್ತೆ" ಎಂದೆ.

"ನಮ್ಗೆ ಟೆಂಟೇ ಇಲ್ವಲ್ಲಪ್ಪಾ."

ವಾದದಲ್ಲಿ ಮಗಳದೇ ಮೇಲುಗೈಯಾಗಿತ್ತು. ಕೊನೆಗೆ ಅವಳೊಂದು ರಿಯಾಯಿತಿ ತೋರಿಸಿದಳು. ಅಲ್ಲಿಗೆ ಹೋದ ಮೇಲೆ ಎರಡೂ ಟೆಂಟು ನೋಡಿ, ಸಂಜೆಯೊಳಗೆ ತೀರ್ಪು ಹೇಳುತ್ತಾಳಂತೆ. ಕುರ್ಚಿ ಹೋದಾಗ ನಾನು ತತ್ತ್ವಜ್ಞಾನದ ಮೊರೆಹೊಕ್ಕಿದ್ದೆ. ಮಗಳೂ ಆ ಕಡೆ ಹೋದರೆ ಯಾವ ತತ್ತ್ವವೂ ನನ್ನನ್ನು ಕಾಯಲಾರದು. ಅಂದೇ ಟೆಂಟು ತರಲು ರಾಬರ್ಟ್‌ಸನ್‌ಪೇಟೆಗೆ ಹೊರಟೆ.

ಅಂಗಡಿಯವರು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. "ಮಳೆಗಾ ಸಾರ್? ನಮ್ ಊರಲ್ಲಿ ಮಳೆಗೆ ಅಂತ ಟೆಂಟ್ ಕೇಳ್ದೋರು ನೀವೇ ಮೊದಲು. ಬಿಸ್ಲಿಗಾದ್ರೆ ಶಾಮಿಯಾನ ಇದೆ, ಪಾರುಂಗೋ, ನೋಡಿ." ನಾನು ಹಟ ಹಿಡಿದ ಮೇಲೆ ಒಳಗಿನಿಂದ ಕಿತ್ತಳೆ ಬಣ್ಣದ ಗಂಟೊಂದನ್ನು ತಂದು ಧೂಳು ಕೊಡವಿದರು. "ಮೇಲಿಂದ ಒಂದು ಹನಿ ಇಳಿಯಲ್ಲ ಸಾರ್, ನನ್ ಗ್ಯಾರಂಟಿ." ಅವರ ಮಾತು ಅಕ್ಷರಶಃ ನಿಜವಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ಮೇಲಿಂದ ಒಂದು ಹನಿಯೂ ಇಳಿಯಲಿಲ್ಲ.

ಕಡಲಂಚಿಗೆ ಹೋಗಿ ಇಳಿದ ಮೇಲೆ ನನ್ನ ಹೊಟ್ಟೆಕಿಚ್ಚು ವ್ಯಕ್ತಿಯನ್ನು ಬಿಟ್ಟು ಭೂಗೋಳಕ್ಕೆ ಹಬ್ಬಿತು. ನಮ್ಮೂರಿನ ಗುಡ್ಡಗಳು ಗಣಿಯಿಂದ ತೆಗೆದು ಸುರಿದ ಬೂದು ಮಣ್ಣಿನವು. ಗಾಳಿ ಬೀಸಿದರೆ ಅವು ಮನೆಯೊಳಗೇ ಬಂದು ಕೂರುತ್ತವೆ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲುಗಳಾದರೂ ನಿಲ್ಲುತ್ತವೆ, ಮೋಡಗಳು ನಿಲ್ಲುವುದಿಲ್ಲ. ಇಲ್ಲಿ ನೋಡಿದರೆ ಆಕಾಶಕ್ಕೆ ಬೇರೆ ಕೆಲಸವೇ ಇದ್ದಂತಿಲ್ಲ. ಅದೂ ಎಲ್ಲಿ ಸುರಿಯುತ್ತಿದೆ? ಸಮುದ್ರದ ಮೇಲೆ!

ಜೊತೆಗೆ ಬಂದಿದ್ದ, ಬಂಗಾರಪೇಟೆ ಪಕ್ಕದ ಹಳ್ಳಿಯವರಾದ ನಮ್ಮಿಬ್ಬರ ಅತ್ತೆಗೂ ಇದು ಸಹನವಾಗಲಿಲ್ಲ. "ಅಯ್ಯೋ ಶಿವ್ನೇ, ತುಂಬಿರೋ ಸಮುದ್ರಕ್ಕೇ ಉಯ್ತಾ ಅವ್ನಲ್ಲಪ್ಪಾ! ನಮ್ ಕೆರೆ ಕಣ್ಣಿಗೆ ಕಾಣಲ್ವಾ ಇವ್ನಿಗೆ?" ಎಂದು ಮೇಲೆ ನೋಡಿ ಗದರಿದರು. ಆಮೇಲೆ ತಂದಿದ್ದ ಬಕೆಟ್ಟು, ಪಾತ್ರೆ, ಟಿಫಿನ್ ಡಬ್ಬಿಯ ಮುಚ್ಚಳ ಸಮೇತ ಎಲ್ಲವನ್ನೂ ಮರದಡಿ ಸಾಲಾಗಿ ಇಟ್ಟರು. ಮಳೆ ಬಂದಾಗ ಪಾತ್ರೆ ಹೊರಗಿಡದ ಹೆಂಗಸನ್ನು ನಮ್ಮ ಕಡೆ ಸಂಸಾರಸ್ಥೆ ಎನ್ನುವುದಿಲ್ಲ.

ಟೆಂಟು ಹಾಕಲು ನಮಗೆ ತೋರಿಸಿದ ಜಾಗ ಕಡಲ ಕಡೆಗೆ ತುಸು ಇಳಿಜಾರಾಗಿತ್ತು. ಪ್ರಭಾಕರ ತನ್ನ ಕಿಟಕಿಯುಳ್ಳ ಅರಮನೆಯನ್ನು ಎಬ್ಬಿಸಿ, ಅದರ ಮೇಲ್ಗಡೆ ಗುದ್ದಲಿಯಿಂದ ಸಣ್ಣದೊಂದು ಕಾಲುವೆ ಗೀರಿ ಕೈ ತೊಳೆದುಕೊಂಡ. ಇಷ್ಟೇನಾ ಎನ್ನಿಸಿತು. ಅದೇ ಗುದ್ದಲಿ ಇಸಿದುಕೊಂಡು ನಾನು ನನ್ನ ಟೆಂಟಿನ ಕೆಳಗಡೆ ಕೆಲಸ ಶುರುಮಾಡಿದೆ.

ಇಲ್ಲಿ ಒಂದು ಮಾತು. ನಮ್ಮ ಕೋಲಾರದ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯನ್ನು ನಾವು ಪಾಠದ ಪುಸ್ತಕದಲ್ಲಿ ಮಾತ್ರ ಕಂಡವರು. ಹಾಗಾಗಿ ಹಿರಿಯರು ಇಳಿಜಾರು ಕಂಡಲ್ಲೆಲ್ಲ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟಿದರು. ಕೆರೆ ಕಟ್ಟಿಸಿದವನನ್ನು ಹೊಗಳುವ ಕಲ್ಲಿನ ಶಾಸನಗಳು ಬೇಕಾದಷ್ಟಿವೆ. ನೀರನ್ನು ಅಚ್ಚುಕಟ್ಟಾಗಿ ಸಾಗಹಾಕಿದವನನ್ನು ಹೊಗಳಿದ ಶಾಸನವನ್ನು ನಾನಂತೂ ಕಂಡಿಲ್ಲ. ನೀರು ಎಂದೊಡನೆ ನಮ್ಮ ಕೈ ತಾನಾಗಿ ತಡೆಯುತ್ತದೆ. ನಾನು ಯೋಚಿಸಲೇ ಇಲ್ಲ. ಮಣ್ಣು ಎಳೆದೆ, ಹುಲ್ಲಿನ ಹೆಂಟೆ ಒತ್ತಿದೆ, ಕಾಲಿನಿಂದ ತುಳಿದು ಗಟ್ಟಿ ಮಾಡಿದೆ, ಎರಡು ತುದಿಗಳನ್ನು ತೋಳಿನಂತೆ ಮೇಲಕ್ಕೆ ಬಾಗಿಸಿದೆ. ಸುಂದರವಾದ ಏರಿ.

ಪ್ರಭಾಕರ ಬಂದು ಸ್ವಲ್ಪ ಹೊತ್ತು ನೋಡಿದ. "ಅಣ್ಣ, ನೀರಿಗೆ ಹೋಗ್ಲಿಕ್ಕೆ ದಾರಿ ಬಿಡ್ಬೇಕಲ್ಲ?"

"ಅದು ನಿಮ್ಮ ಕಡೆ" ಎಂದೆ, ಗಾಂಭೀರ್ಯದಿಂದ. ಇದೇ ಮಾತನ್ನು ಬೇರೆ ಯಾರು ಹೇಳಿದ್ದರೂ ಕೇಳುತ್ತಿದ್ದೆ.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮಳೆ ಜೋರಾಯಿತು. ಮಗಳು ಚಿಕ್ಕಪ್ಪನ ಟೆಂಟು ನೋಡಲು ಹೋಗಿದ್ದಳು, ನಾನು ನನ್ನ ಟೆಂಟಿನೊಳಗೆ ಮಂಡಿಸಿ ತೀರ್ಪಿಗೆ ಕಾಯುತ್ತಿದ್ದೆ.

"ರೀ, ಕಾಲಡಿ ತಣ್ಣಗಾಗ್ತಾ ಇದೆ" ಎಂದಳು ನನ್ನ ಹೆಂಡತಿ.

"ಸಮುದ್ರದ ಗಾಳಿ."

"ಗಾಳಿ ಚಪ್ಪಲಿ ತೇಲಿಸುತ್ತಾ?"

ನೋಡಿದೆ. ಅವಳ ಎಡಗಾಲಿನ ಚಪ್ಪಲಿ ನನ್ನತ್ತ ನಿಧಾನವಾಗಿ ಪ್ರಯಾಣ ಬೆಳೆಸಿತ್ತು. ಹೊರಗೆ ಇಣುಕಿದರೆ, ಮೇಲಿನಿಂದ ಹರಿದ ನೀರೆಲ್ಲ ನನ್ನ ಏರಿಗೆ ಬಂದು ನಿಂತು, ನಡುವೆ ಕಿತ್ತಳೆ ಬಣ್ಣದ ದ್ವೀಪವಾಗಿ ನಮ್ಮ ಟೆಂಟು ಶೋಭಿಸುತ್ತಿತ್ತು. ಏರಿ ಒಂದಿಷ್ಟೂ ಸೋರುತ್ತಿರಲಿಲ್ಲ. ಈ ಹೆಮ್ಮೆಯನ್ನು ಆ ಹೊತ್ತಿನಲ್ಲಿ ಹೇಳಿಕೊಳ್ಳುವಂತಿರಲಿಲ್ಲ. ಹೆಂಡತಿ ಹಾಸಿಗೆ ಎತ್ತಿಕೊಂಡು ತಂಗಿಯ ಟೆಂಟಿಗೆ ನಡೆದಳು. ಒಣಗಿದ, ಬೆಚ್ಚನೆಯ, ಕಿಟಕಿಯುಳ್ಳ ಟೆಂಟಿಗೆ. ಮಗಳಿನ್ನೂ ಅಲ್ಲೇ ಇದ್ದಳು. ತೀರ್ಪು ಬರೆಯುವ ಅಗತ್ಯವೇ ಉಳಿದಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಧ್ವನಿ ಕೇಳಿತು. "ಬರ್ರಲೇ ಮಕ್ಳಾ! ನಿಮ್ಮಪ್ಪನ ಕೆರೆ ತುಂಬೈತೆ, ಕೋಡಿ ಬೀಳ್ತೈತೆ!" ಅವರು ತಮಾಷೆ ಮಾಡುತ್ತಿರಲಿಲ್ಲ. ಸೆರಗು ತಲೆಗೆಳೆದುಕೊಂಡು ಮಳೆಯಲ್ಲೇ ಬಂದವರು, ಚೀಲದಿಂದ ಅರಿಸಿನ ಕುಂಕುಮದ ಪೊಟ್ಟಣ ತೆಗೆದು ನನ್ನ ಏರಿಗೆ ಇಟ್ಟರು. ಒಂದು ಕಾಡುಹೂ ಕಿತ್ತು ನೀರಿಗೆ ಬಿಟ್ಟು ಕೈ ಮುಗಿದರು. ತುಂಬಿದ ಕೆರೆಗೆ ಪೂಜೆ ಮಾಡದೆ ಬರುವುದುಂಟೆ? "ಎಷ್ಟ್ ವರ್ಸ ಆಗಿತ್ತಪ್ಪಾ ತುಂಬಿದ್ ಕೆರೆ ನೋಡಿ" ಎನ್ನುತ್ತಾ ಬೊಗಸೆ ನೀರೆತ್ತಿ ಕಣ್ಣಿಗೆ ಒತ್ತಿಕೊಂಡರು. ಊರಲ್ಲಿ ಕೆರೆಗಳಿಗೇನೂ ಕೊರತೆಯಿಲ್ಲ, ತುಂಬಿದ್ದು ಕಡಿಮೆ.

ಮಾನಸ ಓಡಿ ಬಂದು ದಂಡೆಯಲ್ಲಿ ನಿಂತಳು. ಕೆರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಪ್ಪಾ! ಇದನ್ನ ನೀನೇ ಮಾಡಿದ್ದಾ?" ಉತ್ತರಕ್ಕೂ ಕಾಯದೆ ಧುಮುಕಿದಳು. ಹಿಂದೆಯೇ ಪ್ರಭಾಕರನ ಮಗ ಅಭಿ ಕಿಟಕಿಯಿಂದಲೇ ಹಾರಿ ಬಂದ. "ನಾವಿಬ್ರೂ ದೊಡ್ಡಪ್ಪನ ಟೆಂಟಲ್ಲೇ ಇರೋದು!" ಎಂದು ಅಲ್ಲಿಂದಲೇ ಘೋಷಣೆಯಾಯಿತು. ತೀರ್ಪು ಬಂದಿತ್ತು.

ಪ್ರಭಾಕರ ಮಳೆಕೋಟು ತೊಟ್ಟು ತನ್ನ ಟೆಂಟಿನ ಮುಂದೆ ನಿಂತಿದ್ದ. ಕಾಲುವೆ ಹರಿಯಬೇಕಾದಂತೆ ಹರಿಯುತ್ತಿತ್ತು. ಒಳಗೆ ಒಂದು ಹನಿ ನೀರಿರಲಿಲ್ಲ, ಒಂದು ಮಗುವೂ ಇರಲಿಲ್ಲ. ಅಭಿ ನನ್ನ ಭುಜ ಹತ್ತಿ ನೀರಿಗೆ ಹಾರುತ್ತಿದ್ದುದನ್ನು ಅವನು ನೋಡುತ್ತಿದ್ದ ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಆ ವಿದ್ಯೆಯಲ್ಲಿ ನಾನು ಪಂಡಿತ, ನನಗೆ ತಪ್ಪುವುದುಂಟೆ? ಎಷ್ಟು ವರ್ಷಗಳ ತಪಸ್ಸು ಫಲಿಸಿತೆಂದು ರೋಮಾಂಚನವಾಯಿತು. ಇನ್ನು ಕನಿಷ್ಠ ಒಂದು ಯುಗಾದಿಯವರೆಗೆ ಇದನ್ನು ಚಪ್ಪರಿಸಬಹುದು ಎಂದುಕೊಂಡೆ.

ಆಸಾಮಿ ಮಳೆಕೋಟು ಕಳಚಿ ಕೊಂಬೆಗೆ ಸಿಕ್ಕಿಸಿದ. ಬಗ್ಗಿ ಪ್ಯಾಂಟು ಮಡಚಿದ. ತಲೆ ಎತ್ತಿದಾಗ ಕಣ್ಣೂ ನಗುತ್ತಿತ್ತು.

"ಅಣ್ಣ, ನಾನೂ ಬರ್ಲಾ?" ಎಂದು ಕೇಳಿ, ನೀರಿಗಿಳಿದೇಬಿಟ್ಟ.

ಮಾತ್ಸರ್ಯವನ್ನು ಗೆಲ್ಲಲು ದೊಡ್ಡದೊಡ್ಡ ತಪಸ್ವಿಗಳಿಗೇ ಜನ್ಮಾಂತರಗಳು ಬೇಕಾಗುತ್ತವೆ ಎಂದು ಕೇಳಿದ್ದೇನೆ. ಪ್ರಭಾಕರನಿಗೆ ಪ್ಯಾಂಟು ಮಡಚುವಷ್ಟು ಹೊತ್ತು ಸಾಕಾಯಿತು. ಇದನ್ನು ನಾನು ಹೇಗೆ ಸಹಿಸಲಿ, ನೀವೇ ಹೇಳಿ.