ಧನ್ಮತಿ ಹಾಕದ ಸಹಿ

ಪೊಮರೂನ್ ನದಿ ಕಡಲು ಸೇರುವಲ್ಲಿಂದ ವೈನಿ ಭೂಶಿರದವರೆಗೆ ಗಿಲ್‌ಬ್ಯಾಕರ್ ಮೀನು ಹಿಡಿಯುವವರೆಲ್ಲ ಗಂಡಸರು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಧನ್ಮತಿ ಮುನಿಸಾಮಿ. ಅಪ್ಪ ಬಾಲ್‌ಗೋಬಿನ್‌ಗೆ ಗಂಡುಮಕ್ಕಳಿರಲಿಲ್ಲ. ಹನ್ನೊಂದು ವರ್ಷದ ಮಗಳನ್ನೇ ದೋಣಿಗೆ ಹತ್ತಿಸಿಕೊಂಡ. ಬಿದಿರು ಗಳವನ್ನು ನೀರಿಗಿಳಿಸಿ ಆಳ ನೋಡುವುದನ್ನೂ, ಗಳದ ತುದಿಗೆ ಅಂಟಿ ಬಂದ ಕೆಸರಿನ ಬಣ್ಣ ನೋಡಿ ಎಲ್ಲಿದ್ದೇವೆಂದು ಹೇಳುವುದನ್ನೂ ಕಲಿಸಿದ. ಅವಳು ಮದುವೆಯಾದದ್ದು ಅಕ್ಕಿ ಗಿರಣಿಯ ಮೆಕ್ಯಾನಿಕ್ ಒಬ್ಬನನ್ನು. ಅವನಿಗೆ ದೋಣಿ ನೋಡಿದರೇ ವಾಂತಿ. ಅವನು ಮನೆಯಲ್ಲಿ ರೊಟ್ಟಿ ಬೇಯಿಸುವುದು, ಇವಳು ಬಲೆ ಎಳೆಯುವುದು. ಅವರ ಊರಾದ ಚಾರಿಟಿ ಪೇಟೆಯವರು ವರ್ಷಗಟ್ಟಲೆ ನಕ್ಕು, ಕೊನೆಗೆ ನಗಲು ಬೇಜಾರಾಗಿ ಬಿಟ್ಟರು. ಸಕ್ಕರೆ ಕಾಯಿಲೆಯಲ್ಲಿ ಅವನು ತೀರಿಕೊಂಡ ಮೇಲೂ ಅವಳು ಕಡಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲ.

ಎಸೆಕ್ವಿಬೋ ನದಿಯ ಪಶ್ಚಿಮಕ್ಕಿರುವ ನೆಲವೆಲ್ಲ ತನ್ನದೆಂದು ಪಕ್ಕದ ದೇಶ ಧನ್ಮತಿಯ ಅಜ್ಜನ ಕಾಲದಿಂದಲೂ ಹೇಳುತ್ತಿತ್ತು. ಊರಿನವರು ಅದನ್ನು ಕಿವಿಗೆ ಹಾಕಿಕೊಂಡವರೇ ಅಲ್ಲ. ಯಾವಾಗ ದಡದಿಂದ ನೂರು ಮೈಲಿ ಆಚೆ, ಆಳದ ನೀರಿನಡಿ ಎಣ್ಣೆ ಸಿಕ್ಕಿತೋ, ಆಗ ಮಾತಿನ ದನಿಯೇ ಬದಲಾಯಿತು. ಆಚೆಯವರು ಹೊಸ ನಕ್ಷೆ ಅಚ್ಚು ಹಾಕಿಸಿದರು. ಅದರಲ್ಲಿ ಚಾರಿಟಿಯೂ ಅವರದೇ, ಧನ್ಮತಿಯ ಅಂಗಳದಲ್ಲಿ ಬಿದಿರಿಗೆ ಕಟ್ಟಿದ್ದ ಹನುಮಂತನ ಕೆಂಪು ಬಾವುಟವೂ ಅವರದೇ.

ಅವಳಿಗೆ ಐವತ್ತೆಂಟು ತುಂಬಿದ ವರ್ಷ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ವೈನಿಯ ಹತ್ತಿರ ಬಲೆ ಬಿಟ್ಟು ಕೂತಿದ್ದರು. ದೋಣಿಯಲ್ಲಿ ಮೂವರು: ಅವಳು, ಮೈದುನ ಜೈಕರನ್, ವಾರಾವ್ ಬುಡಕಟ್ಟಿನ ಕ್ಲೀಟಸ್. ಬೂದು ಬಣ್ಣದ ಗಸ್ತು ಹಡಗೊಂದು ಪಶ್ಚಿಮದಿಂದ ಬಂತು. ಬಂದೂಕು ಹಿಡಿದವರು ದೋಣಿಗೆ ಹಗ್ಗ ಕಟ್ಟಿ, ಮಾತಾಡಲೂ ಬಿಡದೆ ತಮ್ಮ ಬಂದರಿಗೆ ಎಳೆದುಕೊಂಡು ಹೋದರು. ಮೂವರನ್ನೂ ಹಳೆಯ ಉಗ್ರಾಣವೊಂದರಲ್ಲಿ ಕೂಡಿಹಾಕಿದರು.

ಮರುದಿನ ಚಿಗುರು ಮೀಸೆಯ ಅಧಿಕಾರಿಯೊಬ್ಬ ಕಾಗದ ತಂದು ಅವಳ ಮುಂದಿಟ್ಟ. ಸ್ಪ್ಯಾನಿಷ್ ಬರಹ. ಕ್ಲೀಟಸ್‌ನ ತಾಯಿ ಆಚೆ ದಡದವಳು; ಅವನಿಗೆ ಓದಲು ಬರುತ್ತಿತ್ತು.

"ಏನಂತೋ?" ಎಂದು ಕೇಳಿದಳು.

"'ನಿಮ್ಮ ದೇಶದ ಕಡಲಿಗೆ ಕೇಳ್ದೇನೇ ಬಂದು ಮೀನು ಹಿಡಿದ್ವಿ' ಅಂತ ಬರ್ದಿದೆ, ಕ್ಯಾಪ್ಟನ್. ಸಹಿ ಹಾಕಿದ್ರೆ ಇವತ್ತೇ ಬಿಡ್ತಾರಂತೆ."

"ಹಾಕ್ಬಿಡಿ ಭೌಜಿ," ಎಂದ ಜೈಕರನ್. ಅತ್ತಿಗೆಯನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. "ಒಂದು ಗೀಚು ತಾನೆ? ಯಾರು ಓದ್ತಾರೆ ಅದನ್ನ?"

"ಯಾರೂ ಓದಲ್ಲ ಅಂದ್ರೆ ಈ ಹುಡುಗ ಬೆವರು ಸುರಿಸ್ಕೊಂಡು ಯಾಕೆ ನಿಂತಿದಾನೆ? ನಾಳೆ ಯಾವ್ದೋ ದೊಡ್ಡ ಕೋರ್ಟಲ್ಲಿ ಇದನ್ನೇ ಎತ್ತಿ ತೋರಿಸ್ತಾರೆ, ನೋಡಿ, ಅವ್ರ ಮುದುಕೀನೇ ಒಪ್ಕೊಂಡಿದಾಳೆ ಅಂತ."

ಅಧಿಕಾರಿ ನಕ್ಷೆ ಬಿಡಿಸಿ ಬೆರಳಿಟ್ಟು ತೋರಿಸಿದ. ಧನ್ಮತಿ ಅದರತ್ತ ಕಣ್ಣೂ ಹಾಯಿಸಲಿಲ್ಲ.

"ಹೇಳು ಅವನಿಗೆ, ಕ್ಲೀಟಸ್. ನನ್ನ ಲಂಗರಿಗೆ ಕಪ್ಪು ಕೆಸರು ಅಂಟಿದೆ, ಅದ್ರಲ್ಲಿ ಚಿಪ್ಪಿನ ಚೂರಿದೆ. ಅದು ವೈನಿ ಕೆಸರು. ಇವ್ರ ನದಿ ಬಾಯಲ್ಲಿರೋದು ಹಳದಿ ಕೆಸರು. ಇವ್ರ ಅಜ್ಜಂದಿರನ್ನ ಕೇಳಿದ್ರೂ ಹೇಳ್ತಾರೆ."

ಕ್ಲೀಟಸ್ ಹೇಳಿದ. ಅಧಿಕಾರಿಯ ಕಿವಿ ಕೆಂಪಾಯಿತು. ಆ ಮಧ್ಯಾಹ್ನವೇ ಸೈನಿಕನೊಬ್ಬ ಲಂಗರನ್ನು ತೊಳೆಯುತ್ತಿದ್ದುದನ್ನು ಕಿಟಕಿಯಿಂದ ಕಂಡು ಧನ್ಮತಿ ಬಿದ್ದು ಬಿದ್ದು ನಕ್ಕಳು. "ನೋಡ್ರೋ, ನೋಡ್ರೋ! ಉಜ್ಜಿ ಉಜ್ಜಿ ತೊಳೀತಿದಾನೆ, ಅತ್ತೆ ಮನೆ ಪಾತ್ರೆ ತೊಳ್ದಂಗೆ!"

ನಗು ಆರನೆಯ ದಿನಕ್ಕೆ ನಿಂತಿತು. ಜೈಕರನ್‌ಗೆ ಜ್ವರ ಏರಿ ಮೈ ನಡುಗತೊಡಗಿತು. ಅಧಿಕಾರಿ ಅದೇ ಕಾಗದ ಹಿಡಿದು ಬಂದ. ಸಹಿ ಬಿದ್ದರೆ ಆಸ್ಪತ್ರೆ. ಧನ್ಮತಿ ಪೆನ್ನು ಕೈಗೆ ತೆಗೆದುಕೊಂಡಳು. ಗಂಡನ ತಮ್ಮ ಅವನು. ಹನ್ನೆರಡರ ಪೋರನಾಗಿದ್ದಾಗಿನಿಂದ ಅವಳ ದುಡಿಮೆಯ ರೊಟ್ಟಿ ತಿಂದು ಬೆಳೆದವನು. ಇವನನ್ನು ಹೆಣವಾಗಿ ಮನೆಗೆ ಒಯ್ಯುವುದಾದರೆ ಯಾವ ಕಡಲು ಯಾರದಾದರೆ ಏನು?

ಜೈಕರನ್ ಚಾಪೆಯ ಮೇಲಿಂದಲೇ ಕಣ್ಣು ಬಿಟ್ಟ. "ಮೊದಲ್ನೇ ದಿನಾನೇ ಹಾಕಿ ಅಂದೆ, ಕೇಳಲಿಲ್ಲ ನೀವು. ಈಗ ಹಾಕಿದ್ರೆ ಆರು ದಿನ ಸುಮ್ನೆ ಸೊಳ್ಳೆ ಕಚ್ಚಿಸ್ಕೊಂಡಂಗಾಯ್ತು. ಇಡಿ ಆ ಪೆನ್ನು ಕೆಳಗೆ."

ಅವಳು ಪೆನ್ನು ಇಟ್ಟಳು. ಕಾಗದವನ್ನು ಅಧಿಕಾರಿಯ ಕಡೆಗೆ ತಳ್ಳಿದಳು. ಜೈಕರನ್‌ನನ್ನು ಉಳಿಸಿದ್ದು ಬಂದರಿನಲ್ಲಿ ಮೀನು ಮಾರುವ ಒಬ್ಬ ಹೆಂಗಸು. ಕಾವಲಿನವನನ್ನು ಗದರಿಸಿ ಒಳನುಗ್ಗಿ, ಮಾತ್ರೆಯ ಪೊಟ್ಟಣವನ್ನೂ ಬಿಸಿ ಸಾರನ್ನೂ ಇಟ್ಟು ಹೋಗುತ್ತಿದ್ದಳು, ನಾಲ್ಕು ದಿನ. ಹೆಸರು ಕೇಳಿದಾಗಲೆಲ್ಲ, ಕೇಳಬೇಡಿ ಎಂಬಂತೆ ತುಟಿಯ ಮೇಲೆ ಬೆರಳಿಡುತ್ತಿದ್ದಳು.

ಹನ್ನೊಂದನೆಯ ದಿನ, ಯಾಕೆಂದು ಯಾರೂ ಹೇಳದೆ, ಮೂವರನ್ನೂ ದೋಣಿ ಹತ್ತಿಸಿ ಹೋಗೆಂದರು. ಬಲೆಗಳನ್ನು ಮಾತ್ರ ಕೊಡಲಿಲ್ಲ.

ಚಾರಿಟಿಯ ದೋಣಿಕಟ್ಟೆಯ ಮೇಲೆ ಜನವೋ ಜನ. ರಾಜಧಾನಿಯಿಂದ ಬಂದ ದೊಡ್ಡ ಮನುಷ್ಯರೊಬ್ಬರು ಹಾರ ಹಾಕಿ ಎಸೆಕ್ವಿಬೋದ ಹೆಣ್ಣುಹುಲಿ ಎಂದರು. ಹೆಣ್ಣುಹುಲಿಗೆ ಅಂದು ಬೇಕಿದ್ದದ್ದು ಸ್ನಾನ.

ಮೂರು ವಾರ ಕಳೆದ ಮೇಲೆ ಶಾಲೆಯ ಹಾಲ್‌ನಲ್ಲಿ ಮೀನುಗಾರರ ಸಭೆ ಕರೆದರು. ಎಣ್ಣೆ ಹುಡುಕುವವರಿಗೆ ಸಾಮಾನು ಒಯ್ಯುವ ಹಡಗುಗಳಿಗೆ ದಾರಿ ಬೇಕು, ಆ ದಾರಿಯಲ್ಲಿ ಬಲೆ ಬಿಡುವಂತಿಲ್ಲ ಎಂದು ಕಂಪನಿಯ ಪರವಾಗಿ ಬಂದ ಯುವಕ ನಗುನಗುತ್ತ ವಿವರಿಸಿದ. ಕೊನೆಗೆ ಹಾಜರಿ ಹಾಳೆ ಹಂಚಿದ. ಅದರ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ಎರಡು ಸಾಲು: ಮೀನುಗಾರರ ಅಭಿಪ್ರಾಯ ಕೇಳಲಾಗಿದೆ, ಯಾರ ಆಕ್ಷೇಪವೂ ಇಲ್ಲ. ಧನ್ಮತಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಎದ್ದು ನಿಂತಳು.

"ನಮ್ಮನ್ನ ಏನು ಕೇಳಿದ್ರಿ ನೀವು?"

"ಆಂಟಿ, ದೇಶಕ್ಕೋಸ್ಕರ ಅಷ್ಟು ಗಟ್ಟಿಯಾಗಿ ನಿಂತವ್ರು ನೀವು. ಇದೂ ದೇಶದ್ದೇ ಕೆಲಸ ಅಲ್ವಾ?"

"ಅವ್ರು ಕಡಲು ನಿಂದಲ್ಲ ಅಂತ ಬರೆಸ್ಕೊಳಕ್ಕೆ ಹನ್ನೊಂದು ದಿನ ಕೂಡಿಹಾಕಿದ್ರು. ನೀನು ಬಿಸ್ಕತ್ತು ಕೊಟ್ಟು ಅದನ್ನೇ ಬರೆಸ್ಕೋತಿದೀಯಲ್ಲ, ತಮ್ಮಾ. ಭಾಷೆ ಬೇರೆ, ಅಷ್ಟೆ."

ಹಾಲ್‌ನಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ತಲೆ ತಗ್ಗಿಸಿ ಸಹಿ ಹಾಕಿದರು. ಹದಿನಾರು ಜನ ಅವಳ ಹಿಂದೆ ಎದ್ದು ಹೊರಟರು. ಹಾರ ಹಾಕಿದವರ ಕಡೆಯಿಂದ ಆಮೇಲೆ ಫೋನು ಬರುವುದು ನಿಂತಿತು. ಆಚೆಯವರ ಹತ್ತಿರ ಏನೋ ತಿಂದು ಬಂದಿದ್ದಾಳೆ, ಇಲ್ಲದಿದ್ದರೆ ಸುಮ್ಮನೆ ಬಿಡುತ್ತಿದ್ದರೇ ಎಂದು ಸೋಮವಾರದ ಸಂತೆಯಲ್ಲಿ ಯಾರೋ ಆಡಿದರು. "ತಿಂದೆ, ಸಾರು ತಿಂದೆ. ನಿಮ್ಮನೇದಕ್ಕಿಂತ ಚೆನ್ನಾಗಿತ್ತು!" ಎಂದು ಅಲ್ಲೇ ಕೂಗಿ ಹೇಳಿ, ತನ್ನ ಕುಂಬಳಕಾಯಿ ಎತ್ತಿಕೊಂಡು ನಡೆದಳು.

ಅಷ್ಟು ಸಹಿ ಬೀಳದ ಹಾಳೆಯಿಂದ ಕಂಪನಿಗೆ ಕೆಲಸವಾಗಲಿಲ್ಲ, ಎರಡನೆಯ ಸಭೆ ಕರೆಯಲೇಬೇಕಾಯಿತು. ಈ ಸಲ ಮೇಜಿನ ಮೇಲೆ ಖಾಲಿ ನಕ್ಷೆ ಹಾಸಿದರು. ಯಾವ ತಿಂಗಳು ಎಲ್ಲಿ ಬಲೆ ಬೀಳುತ್ತದೆಂದು ಮೀನುಗಾರರೇ ಗೆರೆ ಎಳೆದು ತೋರಿಸಿದರು. ಹಡಗಿನ ದಾರಿ ಉತ್ತರಕ್ಕೆ ಸರಿಯಿತು, ಧನ್ಮತಿ ಕೇಳಿದ್ದರಲ್ಲಿ ಅರ್ಧದಷ್ಟು. ಉಳಿದರ್ಧಕ್ಕೆ ಅವಳು ಇನ್ನೂ ಜಗಳವಾಡುತ್ತಿದ್ದಾಳೆ.

ಎರವಲು ಬಲೆ ಹೊಂದಿಸಿಕೊಂಡು ಹೊರಟ ದಿನ, ತಮ್ಮದೇ ದೇಶದ ಕಾವಲು ದೋಣಿಯವರು ನದಿಯ ಬಾಯಲ್ಲೇ ಅಡ್ಡ ಬಂದರು. "ಆಂಟಿ, ಸ್ವಲ್ಪ ದಿನ ವೈನಿ ಕಡೆ ಹೋಗ್ಬೇಡಿ. ಏನಾದ್ರೂ ಆದ್ರೆ ನಾವು ಬರೋದು ಕಷ್ಟ."

"ನಾವೂ ಹೋಗಲ್ಲ, ನೀವೂ ಬರಲ್ಲ ಅಂದ್ರೆ ಅಲ್ಲಿ ಇರೋರು ಯಾರು? ದಾರಿ ಬಿಡಪ್ಪ, ಮೀನಿಗೆ ಅಂತ ತಂದ ಮಂಜುಗಡ್ಡೆ ಕರಗ್ತಿದೆ."

ಅವರು ದಾರಿ ಬಿಟ್ಟರು. ಹೊತ್ತು ನೆತ್ತಿಗೇರುವ ಹೊತ್ತಿಗೆ ವೈನಿಯ ಹಸಿರು ಗೆರೆ ಕಂಡಿತು. ಬಡಕಲಾಗಿದ್ದ ಜೈಕರನ್ ಗೊಣಗುತ್ತಲೇ ಬಲೆ ಇಳಿಸಿದ. ಎಳೆಯಲು ಇನ್ನೂ ನಾಲ್ಕು ತಾಸಿತ್ತು. ಮೂವರೂ ಗಂಟು ಬಿಚ್ಚಿ ರೊಟ್ಟಿ, ಕುಂಬಳಕಾಯಿ ಪಲ್ಯ ಹಂಚಿಕೊಂಡು ಊಟಕ್ಕೆ ಕುಳಿತರು.