ಎಡಕ್ಕೆ ಎಳೆಯುವ ಕಂಟ್ರೋಲರ್

ಟೈಲರಕ್ಕನ ಎಡಗೈ ಹೆಬ್ಬೆರಳಿನ ತುದಿ ಜರಡಿಯ ಹಾಗಿತ್ತು. ಹೆಮ್ಮಿಂಗ್ ಮಾಡುವಾಗ ಬಟ್ಟೆ ಹಿಡಿಯುವ ಬೆರಳು ಅದು. ಬಲಗೈಯ ಸೂಜಿ ಬಟ್ಟೆ ದಾಟಿ ಅಲ್ಲಿಗೇ ಬಂದು ಚುಚ್ಚುತ್ತಿತ್ತು. ವರ್ಷಗಟ್ಟಲೆ ಚುಚ್ಚಿಸಿಕೊಂಡು ಅಲ್ಲಿನ ಚರ್ಮ ದಡ್ಡುಗಟ್ಟಿ, ಅದರ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಾಗಿದ್ದವು. ಸಂಜೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಆ ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ತಿಕ್ಕಿ, ಸೆರಗಿಗೆ ಒರೆಸಿಕೊಂಡು ಅಕ್ಕ ವಿಡಿಯೋ ಗೇಮಿನ ಕಂಟ್ರೋಲರನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ "ಥೂ" ಅನ್ನುತ್ತಿದ್ದಳು.

ಆ ಥೂ ಅನ್ನು ಬರೆದು ತೋರಿಸುವುದು ಕಷ್ಟ. ಮೊದಲು ಮೂಗು ಮುದುಡುತ್ತಿತ್ತು, ಆಮೇಲೆ ತುಟಿ ಒಂದು ಪಕ್ಕಕ್ಕೆ ಹೋಗುತ್ತಿತ್ತು, ಕೊನೆಗೆ ಹೊಟ್ಟೆಯಿಂದ ಎದ್ದು ಬರುತ್ತಿತ್ತು. ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದವರು ಅನ್ನುವ ಥೂ ಅದು.

ಮಾಯಸಂದ್ರದಲ್ಲಿ ಬಸ್ಸು ನಿಲ್ಲುವ ಕಡೆಯಿಂದ ಒಳಗೆ ತಿರುಗಿದರೆ ಅವಳ ಅಂಗಡಿ. ಮುಂದೆ ಹೊಲಿಗೆ ಮಿಷನ್ನು, ಹಿಂದೆ ಒಂದು ಕೋಣೆ, ಕೋಣೆಯ ಅಟ್ಟದ ತುಂಬ ಅವಳ ತಮ್ಮನ ತೋಟದ ಕಾಯಿ. ಕೊಬ್ಬರಿಯಾಗಲು ಅವು ವರ್ಷವಿಡೀ ಅಲ್ಲೇ ಬಿದ್ದಿರುತ್ತಿದ್ದವು. ನಾನು ಅದೇ ಊರಿನ ಹುಡುಗಿ, ಈಗ ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಲಂಗ ಹಾಕುವ ಕಾಲದಿಂದ ನನ್ನ ಅಳತೆ ಅಕ್ಕನಿಗೆ ಗೊತ್ತು. ತಿಪಟೂರಿನಲ್ಲಿ ಯಾರೋ ಆಡಿ ಬಿಟ್ಟಿದ್ದ ಗೇಮ್ ಕನ್ಸೋಲನ್ನು ನಾನು ಕೊಂಡು ತಂದಾಗ ನಮ್ಮಮ್ಮ ಅದನ್ನು ಹೊಸ್ತಿಲು ದಾಟಿಸಲಿಲ್ಲ. ಮದುವೆಯಾಗುವ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ನಿನಗೆ, ಅಂದಳು. ಪೆಟ್ಟಿಗೆ ಹಿಡಿದುಕೊಂಡು ಬೀದಿಯಲ್ಲಿ ನಿಂತಿದ್ದ ನನ್ನನ್ನು ಅಕ್ಕ ಕರೆದಳು.

"ತಂದು ನನ್ ಕೋಣೇಲಿ ಇಕ್ಕು ಬುಡೇ. ಟೀವಿ ಸುಮ್ನೆ ಬಿದ್ದದೆ."

ಆಗ ಅವಳಿಗೆ ಆಟದ ಗಂಧವೂ ಇರಲಿಲ್ಲ. ನಾನು ಆಡುವಾಗ ಪಕ್ಕದಲ್ಲಿ ಕೂತು ರವಿಕೆಗೆ ಹುಕ್ಸು ಹಾಕುತ್ತಿದ್ದಳು. ಒಂದು ಸಂಜೆ ಯಾವುದೋ ರಾಜರ ಕಾಲದ ಆಟದಲ್ಲಿ ನನ್ನ ಕುದುರೆ ಕುತ್ತಿಗೆಯವರೆಗೆ ಕೋಟೆ ಗೋಡೆಯೊಳಗೆ ಹೂತುಹೋಯಿತು.

"ಅದೇನೇ ಅದು, ಕುದ್ರೆ ಗೋಡೆ ಒಳಕ್ಕೋಯ್ತು?"

"ಆಟದ್ದೇ ತಪ್ಪು ಕಣಕ್ಕ. ಆಮೇಲೆ ಸರಿ ಮಾಡಿ ಕಳಿಸ್ತಾರೆ."

"ಆಮ್ಯಾಕಾ? ನೀನು ದುಡ್ಡು ಕೊಟ್ಟು ತಗಂಡಾದ್ಮೇಲಾ?"

"ಹೂಂ."

ಅಕ್ಕ ಹಲ್ಲಿನಿಂದ ದಾರ ಕಡಿದಳು. "ನಾನು ರವಿಕೆಗೆ ಬರೀ ಗುಂಡುಪಿನ್ನು ಚುಚ್ಚಿ ಕೊಟ್ಟು, ಸದ್ಯಕ್ಕೆ ಹಾಕ್ಕಳ್ಳಿ, ಆಮ್ಯಾಕೆ ಹೊಲ್ದು ಕೊಡ್ತೀನಿ ಅಂದ್ರೆ ಈ ಊರೋರು ನನ್ನ ಬಾಳಿಸ್ತಾರಾ? ಥೂ! ಇಲ್ಲಿ ಕೊಡು ನೋಡಾನ."

ಹಾಗೆ ಕೈಗೆ ತೆಗೆದುಕೊಂಡವಳು ಮತ್ತೆ ಬಿಡಲಿಲ್ಲ. ನಾನು ಇನ್ನೊಂದು ಕಂಟ್ರೋಲರ್ ತರಬೇಕಾಯಿತು.

ಅಕ್ಕ ಆಟಗಳನ್ನು ಇಷ್ಟಪಟ್ಟು ಆಡುತ್ತಿದ್ದಳು ಅಂದುಕೊಳ್ಳಬೇಡಿ. ಅವಳಿಗೆ ಹೇಸಿಗೆಯಾಗದ ಆಟವೇ ಇರಲಿಲ್ಲ, ನನಗೂ ಅಷ್ಟೇ. ಡಿಸ್ಕು ತಂದು ಹಾಕಿದರೆ, ಆಡಬೇಕಾದರೆ ಇನ್ನರ್ಧ ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ ಅನ್ನುತ್ತಿತ್ತು. ನಮ್ಮೂರಲ್ಲಿ ಸಿಗ್ನಲ್ಲು ಸಿಗುವುದು ಕಿಟಕಿಯ ಸರಳಿನ ಹತ್ತಿರ ಮಾತ್ರ. ಅಲ್ಲಿ ಫೋನನ್ನು ಲಾಡಿಯಲ್ಲಿ ಕಟ್ಟಿ ನೇತುಹಾಕಿ ದಿನಗಟ್ಟಲೆ ಕಾಯುತ್ತಿದ್ದೆವು. "ತಟ್ಟೆ ಒಳ್ಗಡೆ ಊಟ ಇಲ್ವೇನೇ? ಬರೀ ತಟ್ಟೆ ಮಾರವ್ರಾ?" ಅನ್ನುತ್ತಿದ್ದಳು ಅಕ್ಕ. ಕ್ರಿಕೆಟ್ ಆಟದಲ್ಲಿ ಒಳ್ಳೆಯ ಬ್ಯಾಟು ಬೇಕಾದರೆ ಮತ್ತೆ ದುಡ್ಡು ಕೇಳಿದಾಗ ಟೀವಿಯನ್ನೇ ಗೋಡೆಯ ಕಡೆ ತಿರುಗಿಸಿಟ್ಟಳು. ಇನ್ನೊಂದರಲ್ಲಿ ಕತ್ತಿ ಹಿಡಿದ ವೀರವನಿತೆಯೊಬ್ಬಳು ಬಂದಳು. ಅಕ್ಕ ಆಟ ನಿಲ್ಲಿಸಿ, ಕನ್ನಡಕ ಏರಿಸಿ, ಪರದೆಯ ಹತ್ತಿರ ಹೋಗಿ ನೋಡಿದಳು.

"ಗಂಡುಸ್ಗೆ ಕತ್ತಿನಿಂದ ಕಾಲ್ವರ್ಗೂ ಕಬ್ಣ. ಈ ಹೆಣ್ಣು ಯುದ್ಧುಕ್ಕೆ ಹೊಂಟವ್ಳೆ, ಹೊಟ್ಟೆ ಬಯ್ಲು, ಬೆನ್ ಬಯ್ಲು. ಯಾವೋನೇ ಇವ್ಳ ಅಳ್ತೆ ತಗಂಡೋನು? ಅವ್ನ ಕೈ ಸೇದೋಗ."

ನಾನು ನಕ್ಕೆ. ಅಕ್ಕ ನಗಲಿಲ್ಲ. ಹೊಲಿಗೆಯ ವಿಷಯದಲ್ಲಿ ಅವಳು ತಮಾಷೆ ಮಾಡುತ್ತಿರಲಿಲ್ಲ.

ಇದನ್ನೆಲ್ಲ ಹೇಳಿಕೊಳ್ಳಲು ನಮಗೊಂದು ಜಾಗವೂ ಸಿಕ್ಕಿತು. ತಿಪಟೂರು, ಚಿಕ್ಕನಾಯಕನಹಳ್ಳಿ, ಹುಳಿಯಾರಿನ ಕಡೆಯ ಆಟದ ಹುಚ್ಚಿನವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಯಾರು ಏನು ಆಡುತ್ತಿದ್ದಾರೆ, ಎಲ್ಲಿ ಸಿಕ್ಕಿಕೊಂಡಿದ್ದಾರೆ, ಯಾವುದು ದಂಡ, ಅದೇ ಮಾತು. ಅದರಲ್ಲಿ ಹುಳಿಯಾರಿನ ಗೊಬ್ಬರದ ಅಂಗಡಿಯವರೊಬ್ಬರಿದ್ದರು. ಅವರಿಗೆ ಎಲ್ಲ ಆಟವೂ ಚೆನ್ನ. ನಾವು ಒಂದು ಆಟವನ್ನು ಬಾಯಿಗೆ ಬಂದಂತೆ ಬೈದು ಬರೆದಾಗ ಅವರು ತಾಳ್ಮೆಯಿಂದ ಉತ್ತರಿಸಿದರು: ಸ್ವಲ್ಪ ಸಹಿಸಿಕೊಳ್ಳಿ ಸಾರ್, ಇಪ್ಪತ್ತು ಗಂಟೆ ಆಡಿದ ಮೇಲೆ ಈ ಆಟ ತುಂಬಾ ಚೆನ್ನಾಗಾಗುತ್ತೆ.

ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಮಾತು ರೆಕಾರ್ಡ್ ಮಾಡಿ ಕಳಿಸುವ ಗುಂಡಿ ಒತ್ತಿ ಮಾತಾಡಿದಳು. "ಏನಪ್ಪಾ, ಇಪ್ಪತ್ ಗಂಟೆ ಉಸ್ರು ಕಟ್ಕಂಡಿರು, ಆಮ್ಯಾಕೆ ಕಂಕ್ಳು ಸಡ್ಲ ಆಯ್ತದೆ ಅಂದ್ರೆ ನಿಮ್ಮನೆ ಹೆಣ್ಮಕ್ಳು ಅಂಥ ರವ್ಕೆ ಇಸ್ಕಂತಾರಾ? ಹಸೀ ಕಾಯಿ ಸುಲ್ದು ಕೊಬ್ರಿ ಅಂತ ಮಾರೋರ್ನ ನೀನು ಸಹಿಸ್ಕ. ನನ್ ಕೈಲಾಗಲ್ಲ."

ಅಷ್ಟು ದಿನ ಅವರೆಲ್ಲ ನಮ್ಮನ್ನು ಗಂಡಸು ಅಂದುಕೊಂಡಿದ್ದರು. ಹುಳಿಯಾರಿನವರು ಕೊನೆಗೆ, "ತಪ್ಪಾಯ್ತು ಕಣಕ್ಕ" ಎಂದು ಬರೆದರು. ಅಂದಿನಿಂದ ಯಾವ ಆಟ ಬಂದರೂ ಅವರು ಕೊಳ್ಳುವ ಮುಂಚೆ ಕೇಳುತ್ತಿದ್ದುದು ಒಂದೇ: ಅಕ್ಕ ಏನಂದ್ರು?

ಕಂಟ್ರೋಲರ್ ಕೆಟ್ಟ ಕಥೆ ಹೇಳಬೇಕು. ಅದರ ಎಡಗಡೆ ಒಂದು ಪುಟ್ಟ ಕಡ್ಡಿ ಇರುತ್ತದೆ. ಅದನ್ನು ಹೆಬ್ಬೆರಳಿನಿಂದ ಯಾವ ಕಡೆ ತಳ್ಳುತ್ತೇವೋ ಪರದೆಯ ಮೇಲಿನ ಬೊಂಬೆ ಆ ಕಡೆ ನಡೆಯುತ್ತದೆ. ಪಕ್ಕದ ಕಣದಲ್ಲಿ ಕಾಯಿ ಸುಲಿಯುವ ಧೂಳು ಸೇರಿಯೋ ಏನೋ, ಅಕ್ಕನ ಕಡ್ಡಿ ತಾನಾಗಿಯೇ ಎಡಕ್ಕೆ ವಾಲತೊಡಗಿತು. ಯಾರೂ ಮುಟ್ಟದಿದ್ದರೂ ಬೊಂಬೆ ಎಡಕ್ಕೆ ಹೋಗುತ್ತಿತ್ತು. ಇದನ್ನು ಶುಚಿ ಮಾಡಲು ಬೇರೆ ದ್ರಾವಣ ಬರುತ್ತೆ, ತರಿಸುತ್ತೇನೆ, ಮುಟ್ಟಬೇಡ ಎಂದು ಹೇಳಿ ನಾನು ಸ್ಕೂಲಿಗೆ ಹೋದೆ. ಸಂಜೆ ಬರುವಷ್ಟರಲ್ಲಿ ಅಕ್ಕ ಅದರ ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು.

"ಮಿಷನ್ನೆಣ್ಣೆ ಬಿಡಾನ ಅಂದ್ಕಂಡೆ. ಅದು ಕಲೆ ಕಣೇ. ಇದು ಎಳೇ ಮಗೀನ ನೆತ್ತಿಗೇ ಆಯ್ತದೆ, ಇದ್ಕೆ ಆಗಲ್ವಾ?"

ನನಗೆ ಮೈಯೆಲ್ಲ ಉರಿಯಿತು. "ಕರೆಂಟಿನ ಸಾಮಾನಿಗೆ ಯಾರಾದ್ರೂ ಎಣ್ಣೆ ಬಿಡ್ತಾರಾ ಅಕ್ಕ?" ಎಂದು ಕೂಗಾಡಿದೆ. ಅವಳು ಜಗ್ಗಲಿಲ್ಲ. ಎಣ್ಣೆಯದು ತಪ್ಪಿಲ್ಲ, ಆ ಸಾಮಾನಿನ ಯೋಗ್ಯತೆಯೇ ಅಷ್ಟು ಅಂದಳು. ನಾರಿನ ಧೂಳು ಎಣ್ಣೆಗೆ ಹತ್ತಿ ಅಂಟಾಯಿತು. ಮೊದಲು ಮೆಲ್ಲಗೆ ವಾಲುತ್ತಿದ್ದದ್ದು ಈಗ ಬಿರಬಿರನೆ ಎಡಕ್ಕೆ ಓಡತೊಡಗಿತು. ಜೊತೆಗೆ ಕಮಟು ವಾಸನೆ. ಬೇರೆ ತರುತ್ತೇನೆ ಅಂದರೆ ಬೇಡ, ನನ್ನದನ್ನಾದರೂ ತಗೋ ಅಂದರೆ ಅದೂ ಬೇಡ.

"ನಾನು ಕೆಡ್ಸಿದ್ದು ನಾನೇ ಹಿಡೀತೀನಿ."

ಹಾಗೇ ಹಿಡಿದಳು. ಬೊಂಬೆ ಸುಮ್ಮನೆ ನಿಂತಿರಬೇಕಾದರೂ ಅವಳ ಹೆಬ್ಬೆರಳು ಕಡ್ಡಿಯನ್ನು ಬಲಕ್ಕೆ ಒತ್ತಿಕೊಂಡೇ ಇರಬೇಕು. ಆ ದಡ್ಡುಗಟ್ಟಿದ ಬೆರಳಿಗೆ ಅದೇನು ಲೆಕ್ಕವೋ, ನೋಡಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ನಾನೂ ಮರೆತೆ.

ಆಮೇಲೆ ಅಕ್ಕನ ಕಿಡ್ನಿ ಕೆಟ್ಟಿತು. ವಾರಕ್ಕೆರಡು ಸಲ ತುರುವೇಕೆರೆಗೆ ಡಯಾಲಿಸಿಸ್ಸಿಗೆ ಓಡಾಡತೊಡಗಿದಳು. ಸೂಜಿ ಹಾಕುತ್ತಿದ್ದುದು ಎಡತೋಳಿಗೆ. ಮಿಷನ್ನು ತುಳಿಯುವುದು ಕಷ್ಟವಾಯಿತು. ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ಕೂತು ಕೂತು ಮುಗಿಸಿ, ಹುಕ್ಸು ಹಾಕಿ, ಇಸ್ತ್ರಿ ಮಾಡಿ ಕೊಟ್ಟಳು. ಹೊಸದು ಹಿಡಿಯಲಿಲ್ಲ. ಅರ್ಧ ಹೊಲಿದ ಬಟ್ಟೆಯನ್ನು ಅವಳು ಜನ್ಮದಲ್ಲಿ ಯಾರ ಕೈಗೂ ಕೊಟ್ಟವಳಲ್ಲ. ಕೊನೆಯ ರವಿಕೆ ಕಳಿಸಿದ ಸಂಜೆ ಟೀವಿಯ ಮುಂದೆ ಕೂತು ಹೇಳಿದಳು.

"ಇಷ್ಟೆಲ್ಲ ಬೈದಿದೀವಿ ಕಣೇ. ಒಂದಾದ್ರೂ ಕೊನೆ ಮುಟ್ಸಿದೀವಾ? ಎಲ್ಲಾ ಥೂ ಅಂತ ಅರ್ಧಕ್ಕೇ ಬುಟ್ಟಿದ್ದೇ. ಒಂದ್ನಾದ್ರೂ ಮುಗ್ಸಾನ. ಕೊನೇಲಿ ಅದೇನಿಕ್ಕವ್ರೆ ನೋಡ್ಬುಡಾನ."

ನಾವು ಆರಿಸಿಕೊಂಡದ್ದು ಹಗ್ಗದ ಆಟ. ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡ ಇಬ್ಬರು ಹೆಂಗಸರು ಹಿಮದ ಬೆಟ್ಟ ಹತ್ತಬೇಕು. ಒಬ್ಬಳು ಬಿದ್ದರೆ ಇನ್ನೊಬ್ಬಳೂ ಬಿದ್ದಳು. ಇದೂ ಕೊಳಕು ಆಟವೇ. ಹಗ್ಗ ಗಾಳಿಗೆ ಸಿಕ್ಕಿಕೊಳ್ಳುತ್ತಿತ್ತು, ಬಂಡೆ ಕಾಲಿನ ಕೆಳಗೇ ಮಾಯವಾಗುತ್ತಿತ್ತು. ಒಂದು ಸಲ ನನ್ನ ಹೆಂಗಸು ಕಾರಣವೇ ಇಲ್ಲದೆ ಆಕಾಶಕ್ಕೆ ಹಾರಿಹೋದಳು. ಅಕ್ಕ ಥೂ ಅಂದಳು, ಆದರೆ ಕೆಳಗಿಡಲಿಲ್ಲ. ಬಿದ್ದು ಬಿದ್ದು ತುದಿಯವರೆಗೆ ಹೋದೆವು.

ತುದಿಯಲ್ಲಿ ಒಂದು ಗಂಟೆ, ಅದರ ಎರಡು ಪಕ್ಕದಲ್ಲಿ ಎರಡು ಕಲ್ಲು. ಇಬ್ಬರೂ ಒಂದೊಂದು ಕಲ್ಲಿನ ಮೇಲೆ ಅಲುಗಾಡದೆ ನಿಂತರೆ ಗಂಟೆ ತಾನಾಗಿ ಹೊಡೆದುಕೊಳ್ಳುತ್ತದೆ, ಆಟ ಮುಗಿಯುತ್ತದೆ. ಅಲುಗಾಡದೆ ನಿಲ್ಲುವುದು ಅಷ್ಟೇ ಕೆಲಸ. ಆದರೆ ಅಕ್ಕನ ತೋಳು ಆಗ ಊದಿಕೊಂಡಿತ್ತು, ಬೆರಳಿನಲ್ಲಿ ಹಿಡಿತವಿರಲಿಲ್ಲ. ಕಲ್ಲಿನ ಮೇಲೆ ನಿಂತ ಅವಳ ಹೆಂಗಸು ಇಷ್ಟಿಷ್ಟೇ ಎಡಕ್ಕೆ ಜಾರಿ ಬೀಳುತ್ತಿದ್ದಳು, ಹಗ್ಗ ನನ್ನನ್ನೂ ಎಳೆದುಕೊಳ್ಳುತ್ತಿತ್ತು.

"ನನ್ದು ತಗೋ ಅಕ್ಕ. ಹಟ ಸಾಕು."

"ಇನ್ನೊಂದ್ ಕಿತ ನೋಡಾನ."

ಮತ್ತೆ ಬಿದ್ದೆವು. ಅಟ್ಟದ ಮೇಲೆ ಇಲಿಗಳು ಕಾಯಿ ಉರುಳಿಸುತ್ತಿದ್ದವು. ಅಕ್ಕ ಬೆರಳು ನೀವಿಕೊಳ್ಳುತ್ತ, "ನಾಳಿಕ್ಕೆ ಡಯಾಲಿಸಿಸ್ಸು. ಅದು ಮುಗ್ಸಿ ಬತ್ತೀನಿ, ಆಮ್ಯಾಕೆ ಮುಗ್ಸಾನ. ಆಫ್ ಮಾಡು" ಅಂದಳು.

ಮರುದಿನ ಆಸ್ಪತ್ರೆಯಿಂದ ಹಿಂದಿರುಗುವಾಗ ಬಸ್ಸಿನಲ್ಲೇ ಅಕ್ಕನಿಗೆ ಎದೆನೋವು ಬಂತು. ಮಾಯಸಂದ್ರ ತಲುಪುವ ಮುಂಚೆ ಹೋಗಿಬಿಟ್ಟಳು. ನಾನು ಆಗ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಅವಳ ತಮ್ಮ ಕೋಣೆಯ ಬೀಗದ ಕೈ ಕೊಟ್ಟು, ನಿನ್ನ ಸಾಮಾನು ತಗೊಂಡು ಹೋಗಮ್ಮ ಅಂದರು. ಬಿಚ್ಚಿ ಕಟ್ಟುವ ಮುಂಚೆ ಒಂದು ಸಲ ಹಾಕಿ ನೋಡಿದೆ. ಆಟ ನಾವು ಬಿಟ್ಟ ಜಾಗದಲ್ಲೇ ಇತ್ತು: ಎರಡು ಕಲ್ಲಿನ ಕೆಳಗೆ, ಹಗ್ಗ ಕಟ್ಟಿಕೊಂಡು ಇಬ್ಬರು. ನೋಡುತ್ತಿದ್ದಂತೆ ಅವಳ ಹೆಂಗಸು ಒಬ್ಬಳೇ ಎಡಕ್ಕೆ ನಡೆದುಹೋಗಿ, ಬಂಡೆಗೆ ಹಣೆ ಹೊಡೆದುಕೊಂಡು, ಅಲ್ಲೇ ನಡೆಯುತ್ತ ನಿಂತಳು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಕೂತು ಅತ್ತೆ.

ಆಮೇಲೆ ಅಕ್ಕನ ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈ ಹೆಬ್ಬೆರಳನ್ನು ಅದರ ಕಡ್ಡಿಗೆ ಕೊಟ್ಟೆ. ಎಡಗೈಯಲ್ಲಿ ನನ್ನದು. ಸ್ವಲ್ಪ ಹೊತ್ತಿಗೆ ಬೆರಳಿನ ಬುಡ ನೋಯತೊಡಗಿತು, ನೋವು ಮಣಿಕಟ್ಟಿಗೆ ಇಳಿಯಿತು. ಆರೋಗ್ಯವಾಗಿರುವ ನನ್ನ ಕೈಗೇ ಇಷ್ಟು. ಆ ಊದಿದ ಕೈಯಲ್ಲಿ ಅವಳು ಬೆಟ್ಟದ ಬುಡದಿಂದ ತುದಿಯವರೆಗೆ ಇದನ್ನು ಒತ್ತಿ ಹಿಡಿದಿದ್ದಳು. ಒಂದೇ ಒಂದು ಸಲ ನೋವು ಅನ್ನಲಿಲ್ಲ. ಬೈದದ್ದೆಲ್ಲ ಆಟವನ್ನೇ.

ಬೀಗದ ಕೈ ವಾಪಸು ಕೊಡಲಿಲ್ಲ. ಸ್ಕೂಲು ಬಿಟ್ಟ ಮೇಲೆ ದಿನಾ ಅಲ್ಲಿಗೇ ಹೋದೆ, ದಿನಾ ಬಿದ್ದೆ. ಕೊನೆಗೆ ಒಂದು ಸಂಜೆ ಇಬ್ಬರೂ ಕಲ್ಲಿನ ಮೇಲೆ ನಿಂತರು. ನಾನು ಉಸಿರು ಹಿಡಿದು ಅವಳನ್ನು ಬಲಕ್ಕೆ ಒತ್ತಿಕೊಂಡೇ ಇದ್ದೆ. ಗಂಟೆ ಹೊಡೆದುಕೊಂಡಿತು. ಪರದೆ ಬೆಳ್ಳಗಾಯಿತು. ಬೆಟ್ಟದ ಆಚೆ ಏನಿದೆ ಎಂದು ಈಗ ತೋರಿಸುತ್ತಾರೆ ಎಂದು ಕಣ್ಣು ಬಿಟ್ಟುಕೊಂಡು ಕೂತೆ. ಅಕ್ಷರಗಳು ಮೂಡಿದವು: ಮುಂದಿನ ಕಥೆಗೆ ಎರಡನೆಯ ಭಾಗವನ್ನು ಕೊಳ್ಳಿ.

ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಅಲ್ಲಿ ಕತ್ತರಿಸಿದ ಬಟ್ಟೆ ಚೂರುಗಳ ಚೀಲವಿತ್ತು.

ಫೋನಿನ ಗುಂಪಿಗೆ, ಹಗ್ಗದ ಆಟ ಮುಗಿಯಿತು ಎಂದಷ್ಟೇ ಬರೆದೆ. ಅಕ್ಕ ಹೋದದ್ದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಹುಳಿಯಾರಿನವರು ಬರೆದರು: ಅಕ್ಕ ಇದ್ದಿದ್ರೆ ಏನಂತಿದ್ರು?

ನಾನು ಗುಂಡಿ ಒತ್ತಿದೆ. ಮೊದಲ ಸಲ ಸರಿಯಾಗಿ ಬರಲಿಲ್ಲ, ಅಳಿಸಿದೆ. ಎಣ್ಣೆ ಕಮಟು ಹತ್ತಿದ್ದ ಬೆರಳಿನಿಂದ ಮತ್ತೆ ಒತ್ತಿ, ಮೂಗು ಮುದುಡಿ, ತುಟಿ ಪಕ್ಕಕ್ಕೆ ತಿರುಗಿಸಿ, ಹೊಟ್ಟೆಯಿಂದ ಎತ್ತಿ ಅಂದೆ.

"ಥೂ!"