ತೊಂಬತ್ತಕ್ಕ ಹೇಳಲು ಮರೆತ ಮಾತು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಅವಳ ಗಂಡನಿಗೆ ಮತ್ತು ಬಾವನಿಗೆ ಮಾತ್ರ. ಉಳಿದವರಿಗೆಲ್ಲ ಅವಳು ತೊಂಬತ್ತಕ್ಕ. ವಯಸ್ಸಿಗೂ ಹೆಸರಿಗೂ ಸಂಬಂಧವಿಲ್ಲ, ವಯಸ್ಸು ಐವತ್ತರ ಆಚೀಚೆ. ಬಾವನ ವೈನ್ ಅಂಗಡಿಯಲ್ಲಿ ಕೆಂಪು ವೈನಿನ ಕಪಾಟುಗಳು ಅವಳ ರಾಜ್ಯ. ರುಚಿ ನೋಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪರಿಣತರು ಲೋಕದಲ್ಲಿದ್ದಾರಲ್ಲ, ಅವರು ತೊಂಬತ್ತಾದರೂ ಕೊಡದ ಬಾಟಲಿಯನ್ನು ಅವಳು ಯಾರಿಗೂ ಶಿಫಾರಸು ಮಾಡಿದವಳಲ್ಲ. ಎಂಬತ್ತೆಂಟು ಅಂಕದ ಬಾಟಲಿಗೆ ಯಾರಾದರೂ ಕೈ ಚಾಚಿದರೆ, "ಅದು ನೀವಾಗಿ ತಗೊಂಡಿದ್ದು, ನಾನು ಕೊಟ್ಟಿದ್ದಲ್ಲ" ಎಂದು ಮೊದಲೇ ಕೈ ತೊಳೆದುಕೊಳ್ಳುತ್ತಿದ್ದಳು.

ಹಾಗೆಂದು ಅಂಕ ಕೊಟ್ಟವರ ಮೇಲೆ ಕುರುಡು ನಂಬಿಕೆಯೇನಿಲ್ಲ. ಹೊಸ ಸರಕು ಬಂದಾಗ ತಾನೇ ಒಂದು ಗುಟುಕು ಬಾಯಲ್ಲಿಟ್ಟು, ಆ ಕೆನ್ನೆಗೊಮ್ಮೆ ಈ ಕೆನ್ನೆಗೊಮ್ಮೆ ಓಡಾಡಿಸಿ, ಬಕೆಟ್ಟಿಗೆ ಉಗಿದ ಮೇಲೇ ತೀರ್ಪು. ಸ್ಪೇನಿನ ರಿಯೋಹಾ ಅಂದರೆ "ಸಂಭಾವಿತ ಮಾವ, ಯಾವ ಊಟಕ್ಕೂ ಹೊಂದ್ಕೋತಾರೆ." ಅರ್ಜೆಂಟೀನಾದ ಮಾಲ್ಬೆಕ್ ಅಂದರೆ "ಮೊದಲ ದಿನವೇ ಹೆಗಲ ಮೇಲೆ ಕೈ ಹಾಕೋ ಗೆಳೆಯ." ಇಟಲಿಯ ಬರೋಲೊ ಮಾತ್ರ "ಹೊಸ ಹೆಡ್ಮಾಸ್ಟರು. ಮೊದಲು ಮುಖ ಗಂಟು, ಆಮೇಲೆ ಬಿಟ್ಟು ಹೋಗೋಕೆ ಮನಸ್ಸಾಗಲ್ಲ."

ಗಂಡ ಟೈಲರ್. ಚಹಾ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. "ನನಗೆ ಎಷ್ಟು ಅಂಕ ಕೊಡ್ತೀಯಾ?" ಎಂದು ಅವನೊಮ್ಮೆ ಕೇಳಿದ್ದ.

"ಎಂಬತ್ತೊಂಬತ್ತು. ಯಾರಿಗೂ ಶಿಫಾರಸು ಮಾಡಲ್ಲ. ಆದ್ರೆ ವಾಪಸ್ಸೂ ಕೊಡಲ್ಲ."

ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವಾಗಲೇ ಏಳನೇ ನಂಬರ್ ಬಸ್ಸಿನ ಡ್ರೈವರ್ ಒಳಗೆ ಬಂದ. ಸಮವಸ್ತ್ರದಲ್ಲಿದ್ದ, ಡ್ಯೂಟಿಗೆ ಹೊತ್ತಾಗುತ್ತಿತ್ತು.

"ಅಕ್ಕಾ, ಯಾರೂ ತಪ್ಪು ಹುಡುಕೋಕೆ ಆಗದಂಥ ಬಾಟ್ಲಿ ಬೇಕು."

"ಯಾರು ಹುಡುಕೋರು?"

"ನಮ್ಮಣ್ಣ."

ಅಣ್ಣ ಬೇರೆ ಊರಿನಲ್ಲಿ ವ್ಯಾಪಾರ ಮಾಡಿ ಮೇಲೆ ಬಂದವನು. ಮನೆಯಲ್ಲಿ ಬಾಟಲಿಗಳಿಗೇ ಒಂದು ಕೋಣೆ. ಎಂಟು ವರ್ಷದ ಹಿಂದೆ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, "ನಮ್ಮ ಮನೆತನದಲ್ಲಿ ಸ್ಟೇರಿಂಗ್ ಹಿಡಿದು ಹೊಟ್ಟೆ ಹೊರೆಯೋನು ಇವನೊಬ್ಬನೇ" ಎಂದು ನಕ್ಕಿದ್ದ. ತಮ್ಮ ಅರ್ಧ ಊಟದಲ್ಲೇ ಎದ್ದು ಬಂದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಈಗ ಡ್ರೈವರನ ಹೆಂಡತಿಯೇ ಅಣ್ಣನಿಗೆ ಫೋನ್ ಮಾಡಿ, ಹಟ ಹಿಡಿದು, ಆ ರಾತ್ರಿ ಊಟಕ್ಕೆ ಕರೆದಿದ್ದಳು.

"ಅವನು ಬಾಟ್ಲಿ ನೋಡಿ ಮನುಷ್ಯನ್ನ ಅಳೀತಾನೆ ಅಕ್ಕ. ಇವತ್ತೂ ನಕ್ಕುಬಿಟ್ರೆ ನಾನು ಸಹಿಸಲ್ಲ. ಅಲ್ಲಿಗೆ ನಮ್ಮಿಬ್ಬರದು ಮುಗೀತು."

ತೊಂಬತ್ತಕ್ಕನಿಗೆ ಇಂಥ ಗಿರಾಕಿ ಸಿಕ್ಕರೆ ಹಬ್ಬ. ಏಣಿ ಹತ್ತಿ, ಮೇಲಿನ ಸಾಲಿನಿಂದ ತೊಂಬತ್ತಾರು ಅಂಕದ ಬರೋಲೊ ಇಳಿಸಿದಳು. ಬೆಟ್ಟದ ಇಳಿಜಾರು, ದ್ರಾಕ್ಷಿಯ ಜಾತಿ, ಅಂಕ ಕೊಟ್ಟವರ ಹೊಗಳಿಕೆ ಎಲ್ಲವನ್ನೂ ಹೇಳಿದಳು. "ನಿಮ್ಮಣ್ಣ ಇದರಲ್ಲಿ ತಪ್ಪು ಹುಡುಕಿದ್ರೆ ನಾನು ಈ ಕೆಲಸಾನೇ ಬಿಡ್ತೀನಿ" ಎಂದೂ ಸೇರಿಸಿದಳು. ಡ್ರೈವರ್ ಬಾಟಲಿಯನ್ನು ಬುತ್ತಿಚೀಲದೊಳಗೆ ಇಳಿಸಿಕೊಂಡು ಓಡಿದ.

ಮಧ್ಯಾಹ್ನ ಅವಳು ಊಟ ಮುಗಿಸಿ ಬಂದಾಗ ಒಬ್ಬ ಮೇಷ್ಟ್ರು ಅದೇ ಬರೋಲೊ ಕೊಂಡರು. ತೊಂಬತ್ತಕ್ಕ ವಾಡಿಕೆಯ ಪಾಠ ಒಪ್ಪಿಸತೊಡಗಿದಳು. "ತಾಳಿದವನು ಬಾಳಿಯಾನು ಸಾರ್. ಊಟಕ್ಕೆ ಮೂರು ಗಂಟೆ ಮೊದಲೇ ಬಿರಡೆ ತೆಗೆದು ಜಗ್ಗಿಗೆ ಸುರಿದಿಡಿ, ಗಾಳಿ ಕುಡೀಲಿ. ಹಾಗೇ ಕುಡಿದ್ರೆ ಬರೀ ಒಗರು, ನಾಲಿಗೆ ಒಣಗಿ..."

ಮಾತು ಅಲ್ಲಿಗೇ ನಿಂತಿತು. ಜಂಭ ಕೊಚ್ಚುವ ಭರದಲ್ಲಿ ಇದೊಂದನ್ನು ಡ್ರೈವರನಿಗೆ ಹೇಳಿಯೇ ಇರಲಿಲ್ಲ. ಅವನು ಡ್ಯೂಟಿ ಮುಗಿಸಿ ಮನೆ ಸೇರುವ ಹೊತ್ತಿಗೆ ಅಣ್ಣ ಬಂದಿರುತ್ತಾನೆ. ಇವನು ಬಾಟಲಿ ತೆಗೆದ ಕೂಡಲೇ ಬಗ್ಗಿಸುತ್ತಾನೆ. ಅಣ್ಣ ಮುಖ ಸಿಂಡರಿಸುತ್ತಾನೆ. ತೊಂಬತ್ತಾರು ಅಂಕ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತಾಗುತ್ತದೆ.

"ಬಾವ, ನಾನು ಬಸ್ಸಿಗೆ ಹೋಗ್ಬೇಕು."

"ಯಾವೂರಿಗೆ?"

"ಊರಿಗಲ್ಲ, ಬಸ್ಸಿಗೇ" ಎಂದವಳು ಏಪ್ರನ್ ಸಹ ಬಿಚ್ಚದೆ ಹೊರಟಳು. ತಡೆದು ಪ್ರಯೋಜನವಿಲ್ಲವೆಂದು ಬಾವನಿಗೆ ಗೊತ್ತಿತ್ತು. ಅವಳು ಹಿಡಿದ ಮೊಲಕ್ಕೆ ಎಂದೂ ಮೂರೇ ಕಾಲು.

ಏಳನೇ ನಂಬರ್ ಬರುವಷ್ಟರಲ್ಲಿ ಅವಳ ಜೀವ ಅರ್ಧವಾಗಿತ್ತು. ಹತ್ತಿದವಳೇ, 'ಚಾಲಕರೊಂದಿಗೆ ಮಾತಾಡಬೇಡಿ' ಎಂಬ ಫಲಕಕ್ಕೆ ಬೆನ್ನು ಕೊಟ್ಟು ನಿಂತು ಮಾತಾಡಿದಳು. ಬಸ್ಸಿನ ಸದ್ದನ್ನು ಮೀರಿಸುವ ಗಂಟಲು ಅವಳದು. ಎರಡೇ ನಿಮಿಷದಲ್ಲಿ ಬರೋಲೊ, ಒಗರು, ಅಣ್ಣ ಎಲ್ಲವೂ ಇಡೀ ಬಸ್ಸಿನ ಸಮಸ್ಯೆಯಾಯಿತು.

"ಇಲ್ಲೇ ತೆಗೀರಿ ಮತ್ತೆ" ಎಂದಳು ಮುಂದಿನ ಸೀಟಿನ ಅಜ್ಜಿ.

"ಡ್ರೈವರ್ ಪಕ್ಕ ತೆರೆದ ಬಾಟ್ಲಿ ಇದ್ರೆ ನನ್ನ ಕೆಲಸ ಉಳಿಯುತ್ತಾ ಅಜ್ಜಿ?" ಎಂದ ಡ್ರೈವರ್.

"ಮನೇಲಿ ಯಾರಿದ್ದಾರೆ?" ಎಂದಳು ತೊಂಬತ್ತಕ್ಕ.

"ಯಾರೂ ಇಲ್ಲ. ನನ್ನ ಹೆಂಡ್ತಿ ಆಸ್ಪತ್ರೆ ಲಾಂಡ್ರಿಯಿಂದ ಬರೋದು ಸಂಜೆಗೆ."

"ಕೀಲಿಕೈ ಕೊಡಿ, ನಾನೇ ಹೋಗಿ ತೆಗೆದಿಡ್ತೀನಿ."

"ಅವಳು ಬಂದು ಅಡುಗೆಮನೇಲಿ ನಿಮ್ಮನ್ನ ನೋಡಿದ್ರೆ ಅಣ್ಣ ಬರೋವರೆಗೂ ಕಾಯೋದೇ ಬೇಡ, ಅಲ್ಲೇ ಯುದ್ಧ."

ಬಸ್ಸೆಲ್ಲ ನಕ್ಕಿತು. ತೊಂಬತ್ತಕ್ಕನಿಗೆ ನಗು ಬರಲಿಲ್ಲ, ಸಿಟ್ಟು ಬಂತು. ತನ್ನ ತಪ್ಪಿನ ಮೇಲಿನ ಸಿಟ್ಟು ಅದು, ತಿರುಗಿದ್ದು ಮಾತ್ರ ಕಾಣದ ಅಣ್ಣನ ಮೇಲೆ. "ಅಲ್ಲ, ನಿಮ್ಮಣ್ಣ ಅದೆಂಥ ಮನುಷ್ಯ? ಒಡಹುಟ್ಟಿದ ತಮ್ಮನ ಮನೆಗೆ ಉಣ್ಣೋಕೆ ಬರ್ತಾನೋ, ಪರೀಕ್ಷೆ ತಗೊಳ್ಳೋಕೆ ಬರ್ತಾನೋ?"

"ಹಾಗನ್ಬೇಡಿ ಅಕ್ಕ." ಡ್ರೈವರ್ ರಸ್ತೆಯಿಂದ ಕಣ್ಣು ತೆಗೆಯದೆ, ಸದ್ದಿನ ನಡುವೆ ಗಟ್ಟಿಯಾಗಿಯೇ ಹೇಳಿದ. "ನನಗೆ ಸೈಕಲ್ ಕಲಿಸಿದ್ದು ಅವನೇ. ಸೀಟು ಹಿಡ್ಕೊಂಡು ಬೀದಿ ಉದ್ದಕ್ಕೂ ಹಿಂದೆ ಓಡೋನು. ನಾನು ಬಿದ್ರೆ ಅವನು ಅಳೋನು. ಇವತ್ತು ಅವನು ನಗದೇ ಇದ್ರೆ ನನಗಷ್ಟೇ ಸಾಕು."

ಅಷ್ಟರಲ್ಲಿ ನಡುವಿನ ಸೀಟಿನಲ್ಲಿ ಮುಖಕ್ಕೆ ಪೇಪರು ಹಿಡಿದು ಕೂತಿದ್ದ ಒಬ್ಬ ಹಿರಿಯರು ಎದ್ದು, ಕಂಬ ಕಂಬ ಹಿಡಿದುಕೊಂಡು ಮುಂದೆ ಬಂದರು. ಒಳ್ಳೆಯ ಕೋಟು, ಕೈಯಲ್ಲಿ ಸಣ್ಣ ಪೆಟ್ಟಿಗೆ.

"ಮೂರು ಗಂಟೆ ಅಂದ್ರಲ್ಲಮ್ಮ? ಬಾಟ್ಲಿ ಇಲ್ಲಿ ಕೊಡಿ. ನಾನು ಹೋಗಿ ತೆಗೆದಿಡ್ತೀನಿ."

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಅಣ್ಣಾ?"

"ಮುಂದೆ ನೋಡಿ ಓಡಿಸೋ."

"ನೀನು... ಯಾವಾಗ ಹತ್ತಿದೆ?"

"ಮಧ್ಯಾಹ್ನದ ರೈಲಿಗೇ ಬಂದೆ. ಬಸ್ ನಂಬರ್ ನಿನ್ನ ಹೆಂಡ್ತಿ ಹೇಳಿದ್ಲು. ನಿನ್ನ ಬಸ್ಸಲ್ಲಿ ಇದು ಎರಡನೇ ಸುತ್ತು. ಹೇಗೆ ಮಾತಾಡಿಸೋದು ಅಂತ ತಿಳೀಲಿಲ್ಲ." ಸೀಟಿನ ಹಿಂದಿನ ಕಂಬ ಹಿಡಿದು, "ಚೆನ್ನಾಗಿ ಓಡಿಸ್ತೀಯ ಕಣೋ. ಅವತ್ತು ನಾನು ಹಾಗನ್ನಬಾರದಿತ್ತು" ಎಂದರು.

ಅಜ್ಜಿ ಡ್ರೈವರ್ ಪಕ್ಕದಲ್ಲಿದ್ದ ಬುತ್ತಿಚೀಲದಿಂದ ಬಾಟಲಿ ತೆಗೆದು ಅವರ ಕೈಗಿತ್ತಳು. ಕೆಂಪು ದೀಪಕ್ಕೆ ಬಸ್ಸು ನಿಂತಾಗ ಡ್ರೈವರ್ ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು, ತಿರುಗದೆಯೇ ಹಿಂದಕ್ಕೆ ಚಾಚಿದ.

"ಯಾವ ಸ್ಟಾಪಲ್ಲಿ ಇಳೀಬೇಕೋ? ನಿನ್ನ ಮನೆ ನಾನು ನೋಡೇ ಇಲ್ಲವಲ್ಲ."

"ನೀನು ಕೂತ್ಕೋ ಅಣ್ಣ. ನಾನೇ ಹೇಳ್ತೀನಿ."

ತಾನು ಅವರಿಗೆ ಅಂದದ್ದೆಲ್ಲ ನೆನಪಾಗಿ ತೊಂಬತ್ತಕ್ಕನ ಕಿವಿ ಬಿಸಿಯಾಯಿತು. ಆದರೂ ಸುಮ್ಮನಿರಲಾರದೆ, "ಜಗ್ಗು ಅಗಲ ಬಾಯಿದಾಗಿರಲಿ ಸಾರ್" ಎಂದಳು. ಅವರು ಶಾಲೆಯ ಹುಡುಗನಂತೆ ತಲೆಯಾಡಿಸಿದರು.

ಎರಡು ನಿಲ್ದಾಣ ದಾಟಿದ ಮೇಲೆ ಏಳನೇ ನಂಬರ್ ಬಸ್ಸು ನಿಲ್ದಾಣವೇ ಅಲ್ಲದ ಕಡೆ, ಒಂದು ಹಸಿರು ಬಾಗಿಲಿನ ಎದುರಿಗೆ ನಿಂತಿತು. ಅಣ್ಣ ಬಾಟಲಿಯನ್ನು ಎದೆಗೆ ಒತ್ತಿಕೊಂಡು ಇಳಿದು, ಬಾಗಿಲಲ್ಲಿ ನಿಂತು, ಗೊಂಚಲಿನ ಒಂದೊಂದೇ ಕೀಲಿ ಹಾಕಿ ನೋಡತೊಡಗಿದರು. ಹಿಂದಿನ ಕಾರುಗಳು ಹಾರನ್ ಬಾರಿಸಿದವು. ಬಾಗಿಲು ತೆರೆದು ಅಣ್ಣ ಒಳಗೆ ಹೋಗುವವರೆಗೂ ಡ್ರೈವರ್ ಬಸ್ಸನ್ನು ಹೊರಡಿಸಲಿಲ್ಲ.